ಕಾರ್ಯಕ್ರಮ ಇಲ್ಲದಿದ್ದರೆ ಏನಾಗುತ್ತಿತ್ತು?

ಹದಿಹರೆಯದ ಹುಡುಗಿಯರಿಗೆ, ಯುವತಿಯರಿಗೆ ಎಚ್‌ಐವಿ ತಗಲದಂತೆ ತಡೆಯುವ ಕಾರ್ಯಕ್ರಮಗಳಿಂದ ನಿಜಕ್ಕೂ ಉಪಯೋಗ ಆಗಿದೆಯಾ ಎಂದು ಲೆಕ್ಕ ಹಾಕುವುದು ನನ್ನ ಕೆಲಸ. ನನ್ನ ಮುಂದೆ ಬರುವ ಡೇಟಾ ಹೆಚ್ಚಾಗಿ ಆಫ್ರಿಕಾದ ಪೂರ್ವ ಮತ್ತು ದಕ್ಷಿಣ ದೇಶಗಳದ್ದು. ಅಲ್ಲಿ ಈ ವಯಸ್ಸಿನ ಹುಡುಗಿಯರಿಗೆ ಸೋಂಕು ತಗಲುವುದು ಅದೇ ವಯಸ್ಸಿನ ಹುಡುಗರಿಗಿಂತ ತುಂಬಾ ಜಾಸ್ತಿ.

ಈ ಕೆಲಸಕ್ಕೆ ಹೊಸದಾಗಿ ಸೇರಿದವರು ಮೊದಲು ಕೇಳುವುದು, ಎಷ್ಟು ಹುಡುಗಿಯರನ್ನು ತಲುಪಿದ್ದೇವೆ ಅಂತ. ಅದು ಬೇಡವಾದ ಪ್ರಶ್ನೆ ಅಲ್ಲ. ಆದರೆ ಕಾರ್ಯಕ್ರಮ ಬಾರದೇ ಇದ್ದಿದ್ದರೆ ಇದೇ ಹುಡುಗಿಯರ ಗತಿ ಏನಾಗುತ್ತಿತ್ತು ಎಂದು ಕೇಳದಿದ್ದರೆ ಆ ಸಂಖ್ಯೆಯಿಂದ ಏನೂ ತಿಳಿಯುವುದಿಲ್ಲ.

ಇದನ್ನು ಹೇಳಿಕೊಡುವಾಗ ನಾನು ಯಾವಾಗಲೂ ದಕ್ಷಿಣ ಆಫ್ರಿಕಾದ ಎಚ್‌ಪಿಟಿಎನ್ 068 ಅಧ್ಯಯನವನ್ನು ತೆಗೆದುಕೊಳ್ಳುತ್ತೇನೆ. ಹಣ ಕೊಟ್ಟು ಹುಡುಗಿಯರನ್ನು ಶಾಲೆಯಲ್ಲಿ ಉಳಿಸಿದರೆ ಎಚ್‌ಐವಿ ಸೋಂಕು ಕಡಿಮೆಯಾಗುತ್ತದೆಯಾ ಎಂದು ಅದರಲ್ಲಿ ನೋಡಿದರು. ಮ್ಪುಮಲಾಂಗ ಪ್ರಾಂತ್ಯದ ಅಗಿನ್‌ಕೋರ್ಟ್ ಎಂಬ ಹಳ್ಳಿಗಾಡು. 13ರಿಂದ 20 ವರ್ಷದ 2,533 ಹುಡುಗಿಯರು. ಚೀಟಿ ಎತ್ತಿದ ಹಾಗೆ ಅವರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿನ ಹುಡುಗಿ ತಿಂಗಳಲ್ಲಿ ಶೇ 80ರಷ್ಟು ದಿನ ಶಾಲೆಗೆ ಹೋದರೆ ಮನೆಗೆ 300 ರಾಂಡ್ (ಅಲ್ಲಿನ ಹಣ). ಅದರಲ್ಲಿ 100 ಹುಡುಗಿಯ ಕೈಗೆ, 200 ಹೆತ್ತವರಿಗೆ. ಇನ್ನೊಂದು ಗುಂಪಿಗೆ ಏನೂ ಇಲ್ಲ.

ಹಣ ಪಡೆದವರನ್ನಷ್ಟೇ ನೋಡಿ. ಹಾಜರಾತಿ ಸುಮಾರು ಶೇ 95. ಹೊಸ ಸೋಂಕು ವರ್ಷಕ್ಕೆ 100ರಲ್ಲಿ ಇಬ್ಬರಿಗೂ ಇಲ್ಲ. ಭಾರಿ ಗೆಲುವು ಎಂದು ಬರೆದುಬಿಡಬಹುದು, ಅಲ್ವಾ? ಈಗ ಹಣ ಸಿಗದವರನ್ನು ನೋಡಿ. ಅವರ ಹಾಜರಾತಿಯೂ ಸುಮಾರು ಶೇ 95. ಸೋಂಕೂ ಹೆಚ್ಚುಕಡಿಮೆ ಅಷ್ಟೇ. ಎರಡನೇ ಗುಂಪೇ ಇಲ್ಲದಿದ್ದರೆ ಇದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹಾಗಂತ ಹಣ ಸುಮ್ನೆ ಹೋಯಿತು ಅಂತಲ್ಲ. ಹಣ ಪಡೆದವರಲ್ಲಿ ಸಂಗಾತಿಯಿಂದ ಏಟು ತಿಂದವರು ಸುಮಾರು ಮೂರನೇ ಒಂದು ಭಾಗ ಕಡಿಮೆ ಇದ್ದರು. ಯಾವ ಗುಂಪಿನವಳಾದರೂ ಸರಿ, ಶಾಲೆ ಬಿಟ್ಟವಳಿಗೆ ಸೋಂಕಿನ ಅಪಾಯ ಜಾಸ್ತಿ ಇತ್ತು.

ಮಲಾವಿಯ ಜೊಂಬಾದಲ್ಲಿ ಇಂಥದ್ದೇ ಹಣ ಸಹಾಯ ಕೊಟ್ಟು 18 ತಿಂಗಳಿಗೆ ನೋಡಿದಾಗ, ಹಣ ಪಡೆದ ವಿದ್ಯಾರ್ಥಿನಿಯರಲ್ಲಿ ಎಚ್‌ಐವಿ ಇದ್ದದ್ದು ಶೇ 1.2, ಪಡೆಯದವರಲ್ಲಿ ಶೇ 3. ಶುರುವಿನಲ್ಲಿ ರಕ್ತಪರೀಕ್ಷೆ ಮಾಡಿರಲಿಲ್ಲ ಎಂಬ ಕೊರತೆ ಇದೆ. ಆದರೂ ಈ ಫಲಿತಾಂಶವನ್ನು ನಾನು ತಳ್ಳಿಹಾಕುವುದಿಲ್ಲ. ಶಾಲೆ ಬಿಡುವ ಹುಡುಗಿಯರು ಎಲ್ಲಿ ಜಾಸ್ತಿಯೋ ಅಲ್ಲಿ ಹಣಕ್ಕೆ ಮಾಡಲು ಕೆಲಸ ಇರುತ್ತದೆ. ಅಗಿನ್‌ಕೋರ್ಟ್‌ನಲ್ಲಿ ಅವರು ಮೊದಲೇ ತರಗತಿಯಲ್ಲಿ ಕೂತಿದ್ದರು.

ದೊಡ್ಡ ಕಾರ್ಯಕ್ರಮಗಳಲ್ಲಿ ಹೀಗೆ ಚೀಟಿ ಎತ್ತುವುದು ಕಷ್ಟ. ಹುಡುಗಿಯರಿಗೆ, ಯುವತಿಯರಿಗೆ ಎಚ್‌ಐವಿ ತಗಲದಂತೆ ತಡೆಯಲು ಅಮೆರಿಕ ಸರ್ಕಾರದ ಎಚ್‌ಐವಿ ನೆರವು ಯೋಜನೆಯಾದ ಪೆಪ್‌ಫಾರ್ 2014ರಲ್ಲಿ ಘೋಷಿಸಿದ ಡ್ರೀಮ್ಸ್ ಕಾರ್ಯಕ್ರಮ 10 ದೇಶಗಳಲ್ಲಿ ಶುರುವಾಯಿತು. ದಕ್ಷಿಣ ಆಫ್ರಿಕಾದ ಉಮ್ಖನ್ಯಕುಡೆ ಜಿಲ್ಲೆಯಲ್ಲಿ ಯುವತಿಯರಲ್ಲಿ ಹೊಸ ಸೋಂಕು ಇಳಿದದ್ದು ನಿಜ. ಆದರೆ ಇಳಿಕೆ ಡ್ರೀಮ್ಸ್ ಬರುವ ಮೊದಲೇ ಶುರುವಾಗಿತ್ತು. ಚಿಕಿತ್ಸೆ ಪಡೆಯುವ ಗಂಡಸರು ಹೆಚ್ಚಿದಂತೆ ಅವರಿಂದ ಹರಡುವುದು ಕಡಿಮೆಯಾಗುತ್ತದೆ. ಆ ಲಾಭ ಕಾರ್ಯಕ್ರಮದವರು ಹುಡುಗಿಯರಿಗಾಗಿ ನಡೆಸುವ ಯಾವ ಕ್ಲಬ್ಬಿಗೂ ಹೋಗದ ಹುಡುಗಿಗೂ ಸಿಗುತ್ತದೆ. ಹಾಗಾಗಿ ಗ್ರಾಫ್ ಕೆಳಗಿಳಿದ ತಕ್ಷಣ ಅದರ ಕೀರ್ತಿಯನ್ನು ಒಂದೇ ಕಾರ್ಯಕ್ರಮಕ್ಕೆ ಕೊಡಲು ಆಗುವುದಿಲ್ಲ.

ಇನ್ನು ರಿಜಿಸ್ಟರ್. ಡ್ರೀಮ್ಸ್‌ನಂಥ ಕಾರ್ಯಕ್ರಮದ ಲೆಕ್ಕಾಚಾರವೇ ಒಬ್ಬಳಿಗೆ ಹಲವು ಸೇವೆ ಸಿಗಬೇಕು ಎಂಬುದು. ಕ್ಲಬ್ಬಿನ ಪುಸ್ತಕದಲ್ಲಿ ಅವಳ ಹೆಸರು ಒಂದು ಥರ, ಕ್ಲಿನಿಕ್‌ನಲ್ಲಿ ಇನ್ನೊಂದು ಥರ, ಶಾಲೆಯಲ್ಲಿ ಹುಟ್ಟಿದ ವರ್ಷವೇ ಬೇರೆ. ಮೂರೂ ಒಬ್ಬಳೇ ಎಂದು ಗುರುತಿಸದಿದ್ದರೆ ಒಂದೊಂದೇ ಸೇವೆ ಪಡೆದ ಮೂವರಾಗಿಬಿಡುತ್ತಾಳೆ. ಅದಕ್ಕಿಂತ ನನ್ನನ್ನು ಕಾಡುವುದು ಪುಸ್ತಕದಲ್ಲೇ ಇಲ್ಲದವಳು. ದಿನದ ತರಗತಿಗಳು ಮುಗಿದ ಮೇಲೆ ನಡೆಯುವ ಕ್ಲಬ್ಬಿಗೆ ಬರುವವರು ಶಾಲೆಗೆ ಹೋಗುವವರೇ. ಕಂಕುಳಲ್ಲಿ ಮಗು ಇರುವವಳು, ಮನೆಗೆಲಸಕ್ಕೆ ಹೋಗುವವಳು, ಆಗಲೇ ಗಂಡನ ಮನೆ ಸೇರಿದವಳು ಬರುವುದಿಲ್ಲ. ಬಂದವರನ್ನು ಬಾರದವರ ಜೊತೆ ಹೋಲಿಸಿದರೆ ಕಾರ್ಯಕ್ರಮ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ.

ಬಾಯಿಮಾತಿನ ಉತ್ತರವನ್ನೂ ಹಾಗೇ ನಂಬಲಾಗದು. ಎಚ್‌ಐವಿ ತಡೆಯುವ ಮಾತ್ರೆ ಮತ್ತು ಜೆಲ್ಲನ್ನು ಆಫ್ರಿಕಾದ ಹೆಣ್ಣುಮಕ್ಕಳಲ್ಲಿ ಪರೀಕ್ಷಿಸಿದ ವಾಯ್ಸ್ ಅಧ್ಯಯನದಲ್ಲಿ, ಆ ಔಷಧಿಯನ್ನು ಬಳಸುತ್ತಿದ್ದೇವೆ ಎಂದು ಅವರು ಹೇಳಿದ್ದು ಸುಮಾರು ಶೇ 90. ಪರೀಕ್ಷಿಸಿದ ರಕ್ತದ ಮಾದರಿಗಳಲ್ಲಿ ಔಷಧಿ ಸಿಕ್ಕಿದ್ದು ಶೇ 30 ಅಥವಾ ಅದಕ್ಕಿಂತ ಕಡಿಮೆ. ಆ ಹೆಣ್ಣುಮಕ್ಕಳನ್ನು ನಾನು ದೂರುವುದಿಲ್ಲ. ಮಾತ್ರೆಯ ಡಬ್ಬಿ ಮನೆಯವರ ಕಣ್ಣಿಗೆ ಬಿದ್ದರೆ ನಿನಗೆ ರೋಗ ಇದೆಯಾ ಎಂದು ಕೇಳುತ್ತಾರೆ. ಎದುರಿಗೆ ಕೂತು ಪ್ರಶ್ನೆ ಕೇಳುವವರಿಗೆ ಬೇಸರ ಮಾಡಲೂ ಮನಸ್ಸು ಬರುವುದಿಲ್ಲ.

ಇವೆಲ್ಲ ಕೊನೆಗೆ ಸರಿಮಾಡುವ ಕೆಲಸಗಳಲ್ಲ. ಅದಕ್ಕೇ ಬಜೆಟ್ ಮಾತು ಶುರುವಾದಾಗಲೇ ಕೇಳುತ್ತೇನೆ: ಕಾರ್ಯಕ್ರಮಕ್ಕೆ ಮುಂಚೆ ಮನೆಮನೆ ಪಟ್ಟಿ ಮಾಡಲು ಹಣ, ರಕ್ತಪರೀಕ್ಷೆಗೆ ಹಣ, ಕಾರ್ಯಕ್ರಮ ತಡವಾಗಿ ತಲುಪುವ ಊರುಗಳಲ್ಲೂ ಅದೇ ಸರ್ವೆ. ಸರ್ವೆಯ ದಿನ ಮಕ್ಕಳನ್ನು ನೋಡಿಕೊಳ್ಳಲು ಒಬ್ಬರನ್ನು ಇಡುವ ಖರ್ಚನ್ನೂ ಸೇರಿಸುತ್ತೇನೆ. ಹಾಗೆ ಮಾಡಿದರೆ ಮಗು ಇರುವ ಹುಡುಗಿಯರೂ ಬಂದು ಕೂತು ಉತ್ತರ ಕೊಡುತ್ತಾರೆ.