ಬಹುಮಾನವಾಗಿ ಬಂದ ಅರ್ಧ ಪಂದ್ಯ

2019ರ ವಿಶ್ವಕಪ್ ಕ್ರಿಕೆಟ್‌ನ ಮೊದಲ ಸೆಮಿಫೈನಲ್ ಪಂದ್ಯವನ್ನು ಮ್ಯಾಂಚೆಸ್ಟರ್‌ನ ಓಲ್ಡ್ ಟ್ರಾಫರ್ಡ್ ಮೈದಾನದಲ್ಲಿ ಕುಳಿತು ನೋಡುವ ಅವಕಾಶ ನನಗೂ ನನ್ನ ತಂದೆಯವರಿಗೂ ಸಿಕ್ಕಿದ್ದು ಒಂದು ಟಿ.ವಿ. ಕೊಂಡದ್ದರಿಂದ. ಅಂಗಡಿಯವರು ಬಿಲ್ಲಿನ ಜೊತೆ ಕೊಟ್ಟ ಕೂಪನ್ನಿನ ಸಂಖ್ಯೆಯನ್ನು ಎಸ್‌ಎಂಎಸ್ ಮಾಡಿ ಮರೆತಿದ್ದೆ. ಕೆಲವು ವಾರಗಳ ನಂತರ, ಲಕ್ಕಿ ಡ್ರಾದಲ್ಲಿ ನಿಮ್ಮ ಹೆಸರು ಬಂದಿದೆ, ಇಬ್ಬರಿಗೆ ಇಂಗ್ಲೆಂಡ್ ಪ್ರವಾಸ ಮತ್ತು ಪಂದ್ಯದ ಟಿಕೆಟ್ ಸಿಗುತ್ತದೆ ಎಂದು ಕರೆ ಬಂದಾಗ, ಇಪ್ಪತ್ತೈದು ಲಕ್ಷದ ಲಾಟರಿ ಹೊಡೆದಿದೆ ಎಂದು ನಂಬಿಸಿ ಹಣ ಕೀಳುವವರ ಕಾಟ ಅನುಭವಿಸಿದ ಎಲ್ಲರೂ ಮಾಡುವಂತೆ ನಾನೂ ಫೋನ್ ಇಟ್ಟುಬಿಟ್ಟೆ. ಅವರು ಮತ್ತೆ ಕರೆ ಮಾಡಿದರು. ಬಿಲ್ಲಿನ ಮೇಲಿದ್ದ ಗ್ರಾಹಕ ಸೇವೆಯ ಸಂಖ್ಯೆಗೆ ನಾನೇ ಫೋನ್ ಮಾಡಿ ವಿಚಾರಿಸಿದಾಗ ಸುದ್ದಿ ನಿಜವೆಂದು ತಿಳಿಯಿತು.

ಆದರೆ ಅನುಮಾನ ಅಷ್ಟಕ್ಕೇ ಮುಗಿಯಲಿಲ್ಲ, ಏಕೆಂದರೆ ಮರುದಿನವೇ ಕಂಪನಿಯವರು ತೆರಿಗೆಯ ಹಣ ಕೇಳಿದರು. ಬಹುಮಾನ ಕೈಸೇರುವ ಮೊದಲೇ ತೆರಿಗೆ ಕಟ್ಟಿ ಎನ್ನುವುದು ಮೋಸಗಾರರ ಹಳೆಯ ವರಸೆ. ವಿಚಿತ್ರವೆಂದರೆ, ನಮ್ಮ ದೇಶದ ಕಾನೂನಿನ ಪ್ರಕಾರ ನಿಜವಾದ ಬಹುಮಾನ ಕೊಡುವವರೂ ಅದನ್ನೇ ಕೇಳಬೇಕಾಗುತ್ತದೆ. ಆಗ ಜಾರಿಯಲ್ಲಿದ್ದ 1961ರ ಆದಾಯ ತೆರಿಗೆ ಕಾಯ್ದೆಯ 194ಬಿ ಸೆಕ್ಷನ್ ಪ್ರಕಾರ ಇಂಥ ಗೆಲುವಿನ ಮೇಲೆ ಶೇ 30ರಷ್ಟು ತೆರಿಗೆ ಮೂಲದಲ್ಲೇ ಕಡಿತವಾಗಬೇಕು. ಬಹುಮಾನ ನಗದಾಗಿದ್ದರೆ ಕಡಿದುಕೊಂಡು ಉಳಿದದ್ದನ್ನು ಕೊಡಬಹುದು. ವಿಮಾನದ ಸೀಟಿನಲ್ಲಿ ಶೇ 30 ಕಡಿಯಲು ಬರುವುದಿಲ್ಲವಾದ್ದರಿಂದ, ವಸ್ತು ಅಥವಾ ಪ್ರವಾಸದ ರೂಪದ ಬಹುಮಾನವನ್ನು ಹಸ್ತಾಂತರಿಸುವ ಮೊದಲು ಅದರ ತೆರಿಗೆ ಪಾವತಿಯಾಗಿದೆ ಎಂಬುದನ್ನು ಕೊಡುವವರು ಖಚಿತಪಡಿಸಿಕೊಳ್ಳಬೇಕು. ನಮ್ಮ ಪ್ರವಾಸಕ್ಕೆ ಕಂಪನಿ ಹಾಕಿದ ಬೆಲೆ ನಾಲ್ಕು ಲಕ್ಷ ರೂಪಾಯಿ. ಆ ಬೆಲೆಯನ್ನು ಚೌಕಾಸಿ ಮಾಡುವ ಅವಕಾಶ ಗೆದ್ದವರಿಗೆ ಇರುವುದಿಲ್ಲ. ಒಂದು ಲಕ್ಷದ ಇಪ್ಪತ್ತು ಸಾವಿರ ಹೊಂದಿಸಬೇಕಾಯಿತು. ಬಹುಮಾನವೆಂದರೆ ಪುಕ್ಕಟೆ ಎಂದು ತಿಳಿದ ನೆಂಟರಿಷ್ಟರಿಗೆ ಇದನ್ನು ವಿವರಿಸುವುದರಲ್ಲೇ ನನಗೆ ಸಾಕುಸಾಕಾಯಿತು. ಅಸಲಿಗೂ ನಕಲಿಗೂ ವ್ಯತ್ಯಾಸ ತಿಳಿಯುವುದು ಹಣ ಎಲ್ಲಿಗೆ ಹೋಯಿತು ಎಂಬುದರಿಂದ: ಅಸಲಿಯಾದರೆ ಅದು ನಮ್ಮ ಪ್ಯಾನ್ ಸಂಖ್ಯೆಯ ಮೇಲೆ ಸರ್ಕಾರಕ್ಕೆ ಜಮೆಯಾಗಿ, ಮುಂದೆ ನಮ್ಮ ಹೆಸರಿನಲ್ಲಿ ಜಮೆಯಾದ ತೆರಿಗೆಯನ್ನು ತೋರಿಸುವ ಪಟ್ಟಿಯಲ್ಲಿ (ಆಗ ಅದರ ಹೆಸರು 26ಎಎಸ್) ಕಾಣಿಸುತ್ತದೆ, ಯಾರದೋ ವೈಯಕ್ತಿಕ ಖಾತೆಗೆ ಹಾಕಿ ಎಂದರೆ ಅಲ್ಲಿಗೇ ಮಾತು ನಿಲ್ಲಿಸುವುದು ಕ್ಷೇಮ.

ನನ್ನ ಪತಿಗೆ ಕ್ರಿಕೆಟ್ ಎಂದರೆ ಅಷ್ಟಕ್ಕಷ್ಟೆ, ಆದ್ದರಿಂದ ಎರಡನೆಯ ಟಿಕೆಟ್ ಅಪ್ಪನಿಗೆಂದು ಚರ್ಚೆಯಿಲ್ಲದೆ ತೀರ್ಮಾನವಾಯಿತು. ನಮ್ಮದು ಅರಸೀಕೆರೆ, ಜಾವಗಲ್ ಅದೇ ತಾಲ್ಲೂಕಿನ ಊರು, ಹಾಗಾಗಿ ಅಪ್ಪನ ಬಾಯಲ್ಲಿ ವೇಗದ ಬೌಲರ್ ಜಾವಗಲ್ ಶ್ರೀನಾಥ್ ಎಂದೂ 'ನಮ್ಮ ಶ್ರೀನಾಥ್' ಎಂದೇ. ಓಲ್ಡ್ ಟ್ರಾಫರ್ಡ್ ಎಂಬ ಹೆಸರು ಕೇಳಿದೊಡನೆ ಅವರು ನೆನಪಿಸಿಕೊಂಡದ್ದು 1999ರ ಜೂನ್ 8ರಂದು, ಕಾರ್ಗಿಲ್ ಯುದ್ಧದ ನಡುವೆ, ಅಲ್ಲಿ ನಡೆದ ಪಾಕಿಸ್ತಾನದ ಎದುರಿನ ಪಂದ್ಯವನ್ನು. ಭಾರತದ 227 ರನ್‌ಗಳಲ್ಲಿ ದ್ರಾವಿಡ್ ಅವರ 61 ಅತಿ ಹೆಚ್ಚಿನದು. ಪಾಕಿಸ್ತಾನ 180ಕ್ಕೆ ಆಲೌಟಾದಾಗ ವೆಂಕಟೇಶ್ ಪ್ರಸಾದ್ ಐದು, ಶ್ರೀನಾಥ್ ಮೂರು, ಕುಂಬ್ಳೆ ಎರಡು ವಿಕೆಟ್ ಪಡೆದಿದ್ದರು. ಹತ್ತಕ್ಕೆ ಹತ್ತೂ ಕರ್ನಾಟಕದವರ ಪಾಲು! "ಆ ಗ್ರೌಂಡು ನಮಗೇ ಸೇರಿದ್ದು ಕಣಮ್ಮ" ಎಂದು ಅಪ್ಪ ವೀಸಾ ಕಚೇರಿಯ ಸರದಿಯಲ್ಲಿ ನಿಂತಿದ್ದ ಅಪರಿಚಿತರಿಗೂ ಕೇಳಿಸುವಂತೆ ಹೇಳಿದರು.

ಗೆದ್ದದ್ದು ಸೆಮಿಫೈನಲ್ ಟಿಕೆಟ್ಟೇ ಹೊರತು ಭಾರತದ ಪಂದ್ಯದ ಟಿಕೆಟ್ಟಲ್ಲ ಎಂಬುದು ಹಲವರಿಗೆ ತಿಳಿಯದ ಇನ್ನೊಂದು ಸೂಕ್ಷ್ಮ. ಲೀಗ್ ಹಂತದಲ್ಲಿ ಮೊದಲ ಮತ್ತು ನಾಲ್ಕನೆಯ ಸ್ಥಾನದ ತಂಡಗಳು ಜುಲೈ 9ರಂದು ಮ್ಯಾಂಚೆಸ್ಟರ್‌ನಲ್ಲಿ, ಎರಡು ಮತ್ತು ಮೂರನೆಯವು ಜುಲೈ 11ರಂದು ಬರ್ಮಿಂಗ್‌ಹ್ಯಾಮ್‌ನಲ್ಲಿ ಆಡಬೇಕಿತ್ತು. ಜುಲೈ 6ರಂದು ಲೀಡ್ಸ್‌ನಲ್ಲಿ ಕೆ.ಎಲ್. ರಾಹುಲ್ ಮತ್ತು ರೋಹಿತ್ ಶರ್ಮಾ ಅವರ ಶತಕಗಳಿಂದ ಭಾರತ ಶ್ರೀಲಂಕಾವನ್ನು ಸೋಲಿಸಿತು. ಅದೇ ದಿನ ದಕ್ಷಿಣ ಆಫ್ರಿಕಾ ಆಸ್ಟ್ರೇಲಿಯಾವನ್ನು ಸೋಲಿಸಿದ್ದರಿಂದ ಭಾರತ ಮೊದಲ ಸ್ಥಾನಕ್ಕೇರಿ, ನಾಲ್ಕನೆಯ ಸ್ಥಾನದ ನ್ಯೂಜಿಲೆಂಡ್ ಎದುರು ಆಡಲು ನಮ್ಮ ಮೈದಾನಕ್ಕೆ ಬಂತು. ಆಸ್ಟ್ರೇಲಿಯಾ ಗೆದ್ದಿದ್ದರೆ ನಾವು ಒಂದೂವರೆ ಲಕ್ಷದ ಹತ್ತಿರ ಖರ್ಚು ಮಾಡಿಕೊಂಡು, ನಮಗೆ ಸಂಬಂಧವೇ ಇಲ್ಲದ ಎರಡು ತಂಡಗಳಿಗೆ ಚಪ್ಪಾಳೆ ತಟ್ಟಿ ಬರಬೇಕಿತ್ತು.

ಪಂದ್ಯದ ಬೆಳಿಗ್ಗೆ ಟ್ರಾಮ್ ತುಂಬ ನೀಲಿ ಅಂಗಿಗಳು. ಭುವನೇಶ್ವರ್ ಮತ್ತು ಬುಮ್ರಾ ಅವರ ಮೊದಲ ಎರಡು ಓವರುಗಳಲ್ಲಿ ಒಂದೂ ರನ್ ಬರಲಿಲ್ಲ, ಹತ್ತು ಓವರು ಮುಗಿದಾಗ ನ್ಯೂಜಿಲೆಂಡ್ ಒಂದು ವಿಕೆಟ್‌ಗೆ 27. ಟಿ.ವಿ.ಯಲ್ಲಿ ಇಂಥ ಆಟ ಮಂದವೆನಿಸುತ್ತದೆ. ಮೈದಾನದಲ್ಲಿ ಕುಳಿತಾಗ, ಚೆಂಡು ವಿಲಿಯಮ್ಸನ್ ಅವರ ಬ್ಯಾಟಿನ ಅಂಚನ್ನು ಪ್ರತಿ ಬಾರಿ ಸವರಿಕೊಂಡು ಹೋದಾಗಲೂ ಸಾವಿರಾರು ಜನ ಒಟ್ಟಿಗೆ ಉಸಿರೆಳೆದುಕೊಳ್ಳುವುದು ಕೇಳಿಸುತ್ತದೆ. ಅಪ್ಪ ಮಧ್ಯಾಹ್ನದ ಊಟಕ್ಕೂ ಏಳಲಿಲ್ಲ. ನಾನು ತಂದಿದ್ದ ಚಪಾತಿ ಸುರುಳಿಯನ್ನು ಕುಳಿತಲ್ಲೇ ತಿಂದರು. 46.1 ಓವರುಗಳಲ್ಲಿ ನ್ಯೂಜಿಲೆಂಡ್ ಐದು ವಿಕೆಟ್‌ಗೆ 211 ರನ್ ಗಳಿಸಿದ್ದಾಗ ಮಳೆ ಬಂತು. ಸಂಜೆಯವರೆಗೆ ಕಾದು ಕುಳಿತ ಮೇಲೆ, ಉಳಿದ ಆಟ ಮರುದಿನ ನಡೆಯುತ್ತದೆ ಎಂದು ಘೋಷಿಸಿದರು.

ಟಿಕೆಟ್ಟಿಗೆ ಮೀಸಲು ದಿನವೂ ಸೇರಿತ್ತು, ಪ್ರವಾಸಕ್ಕೆ ಸೇರಿರಲಿಲ್ಲ. ಪಂದ್ಯ ಮುಂದಕ್ಕೆ ಹೋದರೆ ಹೆಚ್ಚುವರಿ ವಸತಿ ಮತ್ತು ಪ್ರಯಾಣ ಕಂಪನಿಯ ಹೊಣೆಯಲ್ಲವೆಂದು ನಿಯಮಗಳ ಹಾಳೆಯಲ್ಲಿ ಸಣ್ಣ ಅಕ್ಷರಗಳಲ್ಲಿದ್ದುದು ನಮಗೆ ಮೊದಲೇ ಗೊತ್ತಿತ್ತು. ಜೂನ್ 13ರಂದು ನಾಟಿಂಗ್‌ಹ್ಯಾಮ್‌ನಲ್ಲಿ ಇದೇ ಎರಡು ತಂಡಗಳ ಲೀಗ್ ಪಂದ್ಯ ಒಂದು ಚೆಂಡೂ ಬೀಳದೆ ಕೊಚ್ಚಿಹೋದದ್ದನ್ನು ಕಂಡಾಗಿನಿಂದ ಆ ಸಾಲು ನನ್ನನ್ನು ಕಾಡುತ್ತಿತ್ತು. ಮರುದಿನದ ವಾಪಸು ವಿಮಾನದ ಟಿಕೆಟ್ ಗುಂಪಿನದಾದ್ದರಿಂದ ಬದಲಾಯಿಸಲು ಬರುವಂತಿರಲಿಲ್ಲ, ಇಬ್ಬರಿಗೆ ಹೊಸದಾಗಿ ಕೊಳ್ಳಲು ನಾವು ಕಟ್ಟಿದ ತೆರಿಗೆಗಿಂತ ಹೆಚ್ಚು ಬೇಕಿತ್ತು. ಗುಂಪಿನಲ್ಲಿದ್ದ ಪುಣೆಯ ದಂಪತಿ ಕೈಯಿಂದ ಹಣ ಹಾಕಿ ಉಳಿದುಕೊಂಡರು. ಪ್ರಾಯೋಜಕರ ಮೇಲೆ ನನಗಿರುವ ತಕರಾರು ಇಷ್ಟೇ: ಸೆಮಿಫೈನಲ್‌ಗೆ ಮೀಸಲು ದಿನವಿದೆ ಎಂಬುದು ಎಲ್ಲರಿಗೂ ಮೊದಲೇ ತಿಳಿದಿರುವಾಗ, ಮರುದಿನ ಬೆಳಿಗ್ಗೆಯೇ ಹೋಟೆಲ್ ಖಾಲಿ ಮಾಡಿಸುವಂತೆ ಪ್ರವಾಸ ರೂಪಿಸಿ, ಅದನ್ನು ಸೆಮಿಫೈನಲ್ ಬಹುಮಾನವೆಂದು ಜಾಹೀರಾತು ಮಾಡುವುದು ನ್ಯಾಯವಲ್ಲ.

ಹಾಗಾಗಿ ಜುಲೈ 10ರಂದು ರೋಹಿತ್, ಕೊಹ್ಲಿ, ರಾಹುಲ್ ಮೂವರೂ ಒಂದೊಂದೇ ರನ್ ಗಳಿಸಿ ಔಟಾಗಿ ಭಾರತ ಮೂರು ವಿಕೆಟ್‌ಗೆ ಐದು ರನ್ ಆದದ್ದನ್ನು ನಾವು ಅದೇ ಊರಿನ ವಿಮಾನ ನಿಲ್ದಾಣದಲ್ಲಿ ಮೊಬೈಲಿನ ಪುಟ್ಟ ಪರದೆಯ ಮೇಲೆ ನೋಡಿದೆವು. ಜಡೇಜ ಅವರ 77, ಧೋನಿಯವರ ರನೌಟ್, 18 ರನ್‌ಗಳ ಸೋಲು, ಎಲ್ಲವೂ ತಿಳಿದದ್ದು ದುಬೈಯಲ್ಲಿ ಇಳಿದ ಮೇಲೆ. ಧೋನಿಯವರನ್ನು ಏಳನೇ ಕ್ರಮಾಂಕಕ್ಕೆ ಇಳಿಸಿದ್ದು ತಪ್ಪೆಂದು ಅಪ್ಪ ಬೆಂಗಳೂರು ತಲುಪುವವರೆಗೂ ವಾದಿಸಿದರು, ನಾನು ಒಪ್ಪಿದ ನಂತರವೂ.

2023ರಲ್ಲಿ ನಮ್ಮ ಪರಿಚಯದವರೊಬ್ಬರಿಗೆ ಅಹಮದಾಬಾದಿನ ಫೈನಲ್ ನೋಡುವ ಇಂಥದೇ ಬಹುಮಾನ ಬಂದಿತ್ತು. ತೆರಿಗೆಯ ಬಗ್ಗೆ ಕೇಳಲು ಫೋನ್ ಮಾಡಿದವರಿಗೆ ನಾನು ಮೊದಲು ಕೇಳಿದ್ದು ವಾಪಸು ಬರುವ ದಿನಾಂಕವನ್ನು. ಪಂದ್ಯ ನವೆಂಬರ್ 19ಕ್ಕೆ, ಮೀಸಲು ದಿನ 20ಕ್ಕೆ, ಅವರ ವಿಮಾನವೂ 20ರ ಬೆಳಿಗ್ಗೆಗೆ. ಪ್ರಯಾಣ ನಿಗದಿಯಾಗುವ ಮೊದಲೇ ಕಂಪನಿಗೆ ಪತ್ರ ಬರೆದು, ವ್ಯತ್ಯಾಸದ ಹಣ ಕೊಟ್ಟು ಅವರು ಅದನ್ನು 21ಕ್ಕೆ ಬದಲಾಯಿಸಿಕೊಂಡರು. ಮಳೆ ಬರಲಿಲ್ಲ. ಆಸ್ಟ್ರೇಲಿಯಾ ಅಂದೇ ಆರು ವಿಕೆಟ್‌ಗಳಿಂದ ಗೆದ್ದಿತು, ಉಳಿದ ದಿನ ಅವರು ಸಾಬರಮತಿ ಆಶ್ರಮ ನೋಡಿಕೊಂಡು ಬಂದರು.