ಕಾಂಡ್ಲಾ ಬೇರುಗಳ ನಡುವೆ ಸಿಕ್ಕಿಬಿದ್ದ ಬೆಳಗು

ಉಡುಪಿ ಜಿಲ್ಲೆಯ ಸಾಲಿಗ್ರಾಮದ ಹತ್ತಿರ, ಪಾರಂಪಳ್ಳಿಯಲ್ಲಿ ಸೀತಾ ನದಿಯ ಹಿನ್ನೀರಿಗೆ ಕಯಾಕ್ ಎಂಬ ಕಿರುದೋಣಿ ಇಳಿಸಿದಾಗ ಬೆಳಗ್ಗೆ ಏಳು ಗಂಟೆ. ಹುಟ್ಟು ಹಾಕುವಾಗ ನನ್ನ ಬಲಗೈ ಜೋರು. ಮೊದಲ ಹತ್ತು ನಿಮಿಷ ಸುಮ್ನೆ ಎಡಕ್ಕೇ ತಿರುಗುತ್ತಿದ್ದೆ.

ಕಾಂಡ್ಲಾ, ಅಂದರೆ ಮ್ಯಾಂಗ್ರೋವ್ ಕಾಡಿನೊಳಗೆ ಹೊಕ್ಕ ಮೇಲೆ ಗಾಳಿ ನಿಂತಿತು. ಬೇರುಗಳು ಜೇಡನ ಕಾಲಿನ ಹಾಗೆ ಕೆಸರಿಗೆ ಇಳಿದಿದ್ದವು. ತಲೆ ಮೇಲೆ ನುಗ್ಗೆಕಾಯಿಯಂಥದ್ದು ನೇತಾಡುತ್ತಿತ್ತು. ಅದು ಕಾಯಲ್ಲ, ಮರದಲ್ಲೇ ಮೊಳೆತ ಸಸಿ! ಬಿದ್ದರೆ ಅಲ್ಲೇ ಕೆಸರಿಗೆ ನಾಟಿಕೊಳ್ಳುತ್ತದೆ, ಇಲ್ಲವೇ ತೇಲಿಹೋಗಿ ಬೇರೆಲ್ಲೋ ಬೇರು ಬಿಡುತ್ತದೆ.

ಅದನ್ನೇ ನೋಡುತ್ತಾ ಇಳಿತ ಶುರುವಾಗಿದ್ದು ಮರೆತೆ. ಕಯಾಕ್ ಕೆಸರಲ್ಲಿ ಕೂತುಬಿಟ್ಟಿತು. ತಪ್ಪು ನನ್ನದೇ ಅಲ್ವಾ? ಅಲುಗಾಡದೆ ಕೂತಿದ್ದಕ್ಕೇ ಇರಬೇಕು, ಎರಡು ಮಾರು ದೂರದ ಕೊಂಬೆಗೆ ನೀರುಕಾಗೆಯೊಂದು ಬಂದು ರೆಕ್ಕೆ ಬಿಚ್ಚಿತು, ಒದ್ದೆ ಕೊಡೆ ಒಣಗಿಸಿದ ಹಾಗೆ. ಇದರ ಗರಿ ನೀರು ಹೀರುತ್ತದೆ. ಅದರಿಂದಲೇ ಮುಳುಗೋದು ಸುಲಭ, ಆಮೇಲೆ ಒಣಗಿಸೋ ಕೆಲಸ ಜಾಸ್ತಿ. ಗಂಟಲ ಕೆಳಗಿನ ಚರ್ಮ ಪಟಪಟ ಅದುರುತ್ತಿತ್ತು. ಅಷ್ಟು ಹತ್ತಿರ.

ಬೆಳ್ಳಕ್ಕಿ, ಮಿಂಚುಳ್ಳಿಯೂ ಬಂದವು. ನನಗೆ ನೆನಪಿರೋದು ಆ ಗಂಟಲು ಮಾತ್ರ.

ಕೊನೆಗೆ ಮರುವಾಯಿ (ಕೆಸರಲ್ಲಿ ಸಿಗುವ ಚಿಪ್ಪುಜೀವಿ) ಹೆಕ್ಕುತ್ತಿದ್ದ ಅಜ್ಜಿಯೊಬ್ಬರು ಮೊಣಕಾಲುದ್ದ ಕೆಸರಲ್ಲಿ ಬಂದು ದೂಡಿದರು. "ಹಕ್ಕಿ ಕಾಂಬುಕ್ ಬಂದದ್ದಾ?" ಎಂದು ನಕ್ಕರು. ನೀರುಕಾಗೆ ಹಾರಿಹೋಯಿತು.