ಮೀನಿನ ತೊಟ್ಟಿಯಿಂದ ಕೆರೆಗೆ ಬೀಳುವ ಒಂದು ತುಂಡು ಕಾಂಡ

ಅಕ್ವೇರಿಯಂಗೆ ಹೊಸದಾಗಿ ಕೈಹಾಕಿದವರು ಗಿಡ ಕೇಳಿದರೆ, ಕಡಿಮೆ ಬೆಳಕಿನಲ್ಲೂ ಬದುಕುವ, ಆರೈಕೆ ಬೇಡದ, ಕತ್ತರಿಸಿ ನೆಟ್ಟರೆ ಬೇಗನೆ ಚಿಗುರುವ ಜಾತಿಗಳನ್ನೇ ಬಲ್ಲವರು ಸಾಮಾನ್ಯವಾಗಿ ಸೂಚಿಸುತ್ತಾರೆ. ಗಾಜಿನ ತೊಟ್ಟಿಯೊಳಗೆ ಸದ್ಗುಣವೆನಿಸುವ ಇದೇ ಲಕ್ಷಣಗಳು ಕೆರೆ, ಕಾಲುವೆ, ನದಿಗಳಿಗೆ ಮುಳುವಾಗುತ್ತವೆ ಎಂಬ ಮಾತು ಮಾತ್ರ ಗಿಡ ಮಾರುವಾಗ ಅಪರೂಪಕ್ಕೂ ಬರುವುದಿಲ್ಲ.

ಇಂಥದ್ದೊಂದು ಗಿಡ, ನೀರಿನೊಳಗೆ ಬೆಳೆಯುವ ಹೈಡ್ರಿಲಾ. ಅದರ ಕಾಂಡವನ್ನು ಬೆರಳಲ್ಲಿ ಹಿಡಿದು ನೋಡಿದರೆ ಪ್ರತಿ ಗೆಣ್ಣಿನ ಸುತ್ತಲೂ ಕೆಲವು ಕಿರಿದಾದ ಎಲೆಗಳು, ಅವುಗಳ ಅಂಚಿನಲ್ಲಿ ಗರಗಸದಂಥ ಹಲ್ಲುಗಳು ಕಾಣುತ್ತವೆ. ಅಂಥ ಒಂದು ಗೆಣ್ಣಿರುವ ತುಂಡೂ ಹೊಸ ಗಿಡವಾಗಬಲ್ಲದು. ಕೆಸರಿನೊಳಗಿನ ಪುಟ್ಟ ಗೆಡ್ಡೆಗಳಂತೂ ವರ್ಷಗಟ್ಟಲೆ ಜೀವ ಹಿಡಿದಿರುತ್ತವೆ. ಆದ್ದರಿಂದ ಮೇಲಿನ ಸೊಪ್ಪನ್ನು ಕಿತ್ತೆಸೆದ ಮಾತ್ರಕ್ಕೆ ಕೆಲಸ ಮುಗಿಯಿತೆಂದುಕೊಳ್ಳುವಂತಿಲ್ಲ, ಕೀಳುವಾಗ ಮುರಿದ ಚೂರುಗಳೇ ಹರಿವಿನೊಂದಿಗೆ ಸಾಗಿ ಇನ್ನೊಂದೆಡೆ ಬೇರೂರುತ್ತವೆ. 1950ರ ದಶಕದಲ್ಲಿ ಅಕ್ವೇರಿಯಂ ವ್ಯಾಪಾರದ ಮೂಲಕ ಅಮೆರಿಕದ ಫ್ಲಾರಿಡಾಕ್ಕೆ ತಲುಪಿದ ಈ ಗಿಡ ಅಲ್ಲಿನ ಸರೋವರಗಳನ್ನು ಆವರಿಸಿಕೊಂಡಿತು.

ನೀರಿನ ಮೇಲ್ಮೈಗೆ ತಲುಪಿ ಹರಡಿಕೊಂಡ ಸೊಪ್ಪು ಕೆಳಗಿನ ಸ್ಥಳೀಯ ಸಸ್ಯಗಳಿಗೆ ಬೆಳಕು ಸಿಗದಂತೆ ಮಾಡುತ್ತದೆ. ಹಗಲಿನಲ್ಲಿ ಆಮ್ಲಜನಕ ಬಿಡುವ ಅದೇ ಗಿಡ ರಾತ್ರಿಯಿಡೀ ಉಸಿರಾಡುತ್ತ ಅದನ್ನು ಹೀರಿಕೊಳ್ಳುವುದರಿಂದ, ಬೆಳಗಿನ ಜಾವದ ಹೊತ್ತಿಗೆ ನೀರಿನಲ್ಲಿ ಆಮ್ಲಜನಕ ತೀರಾ ಕುಸಿದು ಮೀನುಗಳು ಸಾಯಬಹುದು. ನೀರಿನಾಚೆಗೂ ಹಾನಿ ಮುಟ್ಟುತ್ತದೆ ಎಂಬುದು ನನ್ನನ್ನು ಹೆಚ್ಚು ಬೆಚ್ಚಿಬೀಳಿಸಿದ ಸಂಗತಿ: ಅಮೆರಿಕದಲ್ಲಿ ಹೈಡ್ರಿಲಾ ಎಲೆಗಳ ಮೇಲೆ ಬೆಳೆಯುವ ಒಂದು ಸಯನೋಬ್ಯಾಕ್ಟೀರಿಯಾ (ಸಸ್ಯಗಳಂತೆ ಬೆಳಕಿನಿಂದ ಆಹಾರ ತಯಾರಿಸುವ ಸೂಕ್ಷ್ಮಜೀವಿ) ಮಿದುಳಿಗೆ ಹಾನಿ ಮಾಡುವ ವಿಷವನ್ನು ತಯಾರಿಸುತ್ತದೆ. ಆ ಸೊಪ್ಪು ತಿಂದ ನೀರುಹಕ್ಕಿಗಳನ್ನು ಹಿಡಿದು ತಿಂದ ಬಿಳಿತಲೆಯ ಹದ್ದುಗಳು 1990ರ ದಶಕದಿಂದ ಸಾಯತೊಡಗಿದ್ದವು. ಕಾರಣವಾದ ವಿಷ ಯಾವುದೆಂಬುದು ಪ್ರಕಟವಾದದ್ದು 2021ರಲ್ಲಿ.

ಬ್ರೆಜಿಲ್ ಮೂಲದ ಸಾಲ್ವೀನಿಯಾ ಮೊಲೆಸ್ಟಾದ ಕಥೆ ಬೇರೆ. ಇದು ನೀರಿನಲ್ಲಿ ತೇಲುವ ಜರಿಗಿಡದ ಜಾತಿ, ಬಂಜೆ. ಆದರೂ ತುಂಡಾಗಿ ತುಂಡಾಗಿಯೇ ಪಪುವಾ ನ್ಯೂಗಿನಿಯ ಸೆಪಿಕ್ ನದಿಯ ಕೊಳಗಳನ್ನು ಮುಚ್ಚಿ, ದೋಣಿ ಸಾಗದಂತೆ, ಮೀನು ಹಿಡಿಯದಂತೆ ಮಾಡಿತ್ತು. ಅದರ ತವರಿನಿಂದ ತಂದ ಒಂದು ಸಣ್ಣ ಮೂತಿಹುಳು 1980ರ ದಶಕದಲ್ಲಿ ಅದನ್ನು ಹತೋಟಿಗೆ ತಂದಿತು. ಇಂಥ ಜೈವಿಕ ನಿಯಂತ್ರಣ ಎಲ್ಲ ಗಿಡಗಳಿಗೂ ಒದಗುವುದಿಲ್ಲ.

2014ರಲ್ಲಿ ಇಂಗ್ಲೆಂಡ್ ಇಂಥ ಐದು ಜಲಸಸ್ಯಗಳ ಮಾರಾಟವನ್ನೇ ನಿಷೇಧಿಸಿತು. ಕ್ರಮ ಸರಿ, ಆದರೆ ಅಷ್ಟರಲ್ಲಿ ಅವು ಅಲ್ಲಿನ ನೀರಿನಲ್ಲಿ ನೆಲೆಯೂರಿದ್ದವು. ತೊಟ್ಟಿ ಇಟ್ಟುಕೊಂಡವರು ಕತ್ತರಿಸಿದ ಸೊಪ್ಪನ್ನು ಬಿಸಿಲಿನಲ್ಲಿ ಗರಿಗರಿಯಾಗುವಂತೆ ಒಣಗಿಸಿ ಕಸಕ್ಕೆ ಹಾಕಬೇಕು. ಬದಲಾಯಿಸಿದ ನೀರನ್ನು ಚರಂಡಿಗೆ ಚೆಲ್ಲದೆ ಕುಂಡದ ಗಿಡಗಳಿಗೆ ಸುರಿಯಬೇಕು, ಏಕೆಂದರೆ ಅದರಲ್ಲಿ ತೇಲುವ ಗೆಣ್ಣಿನ ಚೂರು ಕಣ್ಣಿಗೆ ಬೀಳುವುದು ಕಷ್ಟ.